ಶೇವಂತೆವ್ವನ ಹತ್ತಿಯಲ್ಲಿ ಐದು ಮೊಳೆ

೧೯೬೪ನೆಯ ಇಸವಿ ಏಪ್ರಿಲ್ ಹತ್ತನೆಯ ತಾರೀಖಿನಿಂದ ಹುಬ್ಬಳ್ಳಿ ಪೇಟೆಗೆ ಬಂದ ಹತ್ತಿಯ ಪ್ರತಿಯೊಂದು ಅಂಡಿಗೆಯಲ್ಲಿಯೂ ಕಬ್ಬಿಣವಿತ್ತು. ಇದು ಸರಕಾರಿ ದಾಖಲೆಯಲ್ಲಿರುವ ಸಂಗತಿ. ಒಂಬತ್ತನೆಯ ತಾರೀಖಿನವರೆಗೆ ಬಂದ ಅಂಡಿಗೆಗಳಲ್ಲಿ, ಒಂದನ್ನು ಬಿಟ್ಟರೆ, ಕಬ್ಬಿಣವಿರಲಿಲ್ಲ. ಇದೂ ದಾಖಲೆಯಲ್ಲಿದೆ. ಒಂದು ದಿನದ ಅಂತರದಲ್ಲಿ ಇಡೀ ತಾಲೂಕಿನ ಹತ್ತಿಗಿಡಗಳು ಕಬ್ಬಿಣ ಬಿಡಲು ಹೇಗೆ ಕಲಿತವು ಎಂದು ಯಾರೂ ಕೇಳಲಿಲ್ಲ. ಅಂಥ ಪ್ರಶ್ನೆಗೆ ರಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಅಂಡಿಗೆ ಎಂದರೆ ಆಳೆತ್ತರದ ಹತ್ತಿಯ ಚೀಲ. ಅದರೊಳಗೆ ಎಲ್ಲಾದರೂ ಒಂದು ಮೊಳೆ ಸೇರಿಕೊಂಡು, ಹತ್ತಿಯನ್ನು ಕಾಳಿನಿಂದ ಬಿಡಿಸುವ ಜಿನ್ನಿನ ಹಲ್ಲಿಗೆ ಸಿಕ್ಕಿತೆಂದರೆ ಕಿಡಿ ಹಾರುತ್ತದೆ. ಕಿಡಿ ಹಾರಿದರೆ ಹತ್ತಿ ಯಾರ ಮಾತೂ ಕೇಳುವುದಿಲ್ಲ. ಹಿಂದಿನ ಹಂಗಾಮಿನಲ್ಲಿ ಎರಡು ಜಿನ್ನುಗಳು ಹೀಗೆಯೇ ಸುಟ್ಟಿದ್ದವು. ಆದ್ದರಿಂದ ‘ಹತ್ತಿ-ಕಬ್ಬಿಣ ತಪಾಸಣಾ ಕಚೇರಿ’ಯನ್ನು ಸ್ಥಾಪಿಸಲಾಯಿತು. ಇನ್ನು ಮೇಲೆ ಈ ಕಚೇರಿಯ ಚೀಟಿಯಿಲ್ಲದ ಹತ್ತಿಯನ್ನು ಯಾವ ಜಿನ್ನೂ ಒಳಗೆ ಬಿಟ್ಟುಕೊಳ್ಳತಕ್ಕದ್ದಲ್ಲ ಎಂದು ಅಪ್ಪಣೆಯಾಯಿತು.

ಕಚೇರಿಗೆ ಒಬ್ಬ ಅಧಿಕಾರಿ, ಒಬ್ಬ ಕಾರಕೂನ, ಒಬ್ಬ ಪಟ್ಟೇವಾಲ, ಒಂದು ಯಂತ್ರ. ಅಧಿಕಾರಿ ಗುರುಶಿದ್ದಪ್ಪನವರು. ಪಟ್ಟೇವಾಲ ಗುಲಾಬಸಾಬ. ಕಾರಕೂನರು ನಮ್ಮ ಮನೆಯವರು. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಕಚೇರಿಯ ಸಂಗತಿಯನ್ನು ಅವರೂ ಹೊರಗೆ ಹೇಳುವಂತಿರಲಿಲ್ಲ, ಆದರೆ ಊಟಕ್ಕೆ ಕೂತಾಗ ಅವರಿಗೆ ಅದು ನೆನಪಿರುತ್ತಿರಲಿಲ್ಲ.

ಯಂತ್ರವನ್ನು ಮಾಡಿಕೊಟ್ಟವರು ಧಾರವಾಡದ ಶಾಂತಯ್ಯ ಮಾಸ್ತರರು. ಕಾಲೇಜಿನಲ್ಲಿ ಪದಾರ್ಥ ವಿಜ್ಞಾನ ಕಲಿಸುವ, ಕೆಲಗೇರಿ ಕೆರೆಯ ಹತ್ತಿರ ಒಂದೇ ಖೋಲಿಯಲ್ಲಿರುವ, ಇನ್ನೂ ಮದುವೆಯಾಗದ ಹುಡುಗ. ಯಂತ್ರದ ಜೀವವೆಲ್ಲ ಇದ್ದದ್ದು ಬೆರಳುದ್ದದ ಒಂದು ಗಾಜಿನ ಪಟ್ಟಿಯಲ್ಲಿ. ಗಾಳಿ ಹೀರಿ ತೆಗೆದ ಬುರುಡೆಯೊಳಗೆ ನಿಕಲ್ಲನ್ನೂ ಕಬ್ಬಿಣವನ್ನೂ ಕಾಯಿಸಿ ಆವಿ ಮಾಡಿ, ಆ ಆವಿ ಗಾಜಿನ ಮೇಲೆ ಪೊರೆಯಾಗಿ ಕೂಡುವಂತೆ ಮಾಡಿದ್ದರು. ಪೊರೆ ಎಷ್ಟು ತೆಳು ಎಂದರೆ, ಉಳ್ಳಾಗಡ್ಡಿಯ ಸಿಪ್ಪೆಯೊಂದನ್ನು ಸಾವಿರ ಪದರಾಗಿ ಸುಲಿಯಲು ಬರುವಂತಿದ್ದರೆ ಅದರಲ್ಲಿ ಒಂದು ಪದರು. ಪಕ್ಕದಲ್ಲಿ ಒಂದು ಅಯಸ್ಕಾಂತ. ಅಂಡಿಗೆಯನ್ನು ಬಂಡಿಯಿಂದ ಇಳಿಸಿ, ಕಟ್ಟಿಗೆಯ ಬಾಕಿನ ಮೇಲೆ ಎಳೆದು ಈ ಗಾಜಿನ ಮುಂದೆ ಸಾಗಿಸಬೇಕು. ಒಳಗೆ ಕಬ್ಬಿಣವಿದ್ದರೆ ಅಯಸ್ಕಾಂತದ ಸೆಳೆತ ಓರೆಯಾಗುತ್ತದೆ, ಪೊರೆಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತದೆ, ಮುಳ್ಳು ಸರಿಯುತ್ತದೆ. ಹತ್ತಿಯೊಳಗೆ ಒಂದು ಮೊಳೆ, ಎರಡು ಮೊಳೆ ಹೀಗೆ ಇಟ್ಟು ನೋಡಿ, ಮುಳ್ಳು ನಿಂತಲ್ಲೆಲ್ಲ ಗೆರೆ ಎಳೆದು, ಮಾಸ್ತರರು ಹತ್ತು ಮೊಳೆಯವರೆಗೆ ಅಂಕಿ ಬರೆದಿದ್ದರು.

ಯಂತ್ರ ಒಪ್ಪಿಸುವ ದಿನ ಅವರು ಕೈಮುಗಿದು ಹೇಳಿದರು: “ಸಾಹೇಬ್ರ, ಒಂದ ಮಾತು ನೆನಪಿಡ್ರಿ. ಕಬ್ಬಿಣ ಬಂದ್ರೂ ಈ ಮುಳ್ಳು ಸರೀತೈತಿ, ಗಾಜು ಕೂದಲೆಳಿಯಷ್ಟು ಬಾಗಿದ್ರೂ ಸರೀತೈತಿ. ಎರಡರಾಗ ಯಾವ್ದು ಅಂತ ಹೇಳಾಕ ಪೊರಿಗೆ ಬಾಯಿಲ್ಲ. ಅದಕ್ಕಂತ ಮೇಣದ ಹಾಸಿಗಿ ಮ್ಯಾಲೆ ಸುಮ್ನ ಮಲಗಿಸೇನಿ. ಅದನ್ನ ಒತ್ತಬ್ಯಾಡ್ರಿ, ಬಿಗೀಬ್ಯಾಡ್ರಿ, ಮೇಜಿಗೆ ಮೊಳಕೈ ಸೈತ ಊರಬ್ಯಾಡ್ರಿ.”

“ಮಾಸ್ತರ, ನೀವು ಕೊಟ್ಟಿದ್ದು ಯಂತ್ರೋ, ಬಾಣಂತಿಯೋ?” ಎಂದರು ಗುರುಶಿದ್ದಪ್ಪನವರು.

“ಬಾಣಂತಿ ತಡಕೋತಾಳ್ರಿ. ಇದು ತಡಕೊಳ್ಳೂದಿಲ್ಲ.”

ಮದುವೆಯಾಗದ ಹುಡುಗನಾಗಿ ಇಷ್ಟು ಸರಿಯಾದ ಮಾತು ಆಡಿದ್ದು ನನಗೆ ಸೋಜಿಗವೆನಿಸಿತು.

ಮೊದಲ ಒಂಬತ್ತು ದಿನ ಯಂತ್ರ ಬಹಳ ಕೆಟ್ಟದಾಗಿ ಕೆಲಸ ಮಾಡಿತು. ಅಂದರೆ, ಮೂರನೆಯ ದಿನ ಒಂದು ಅಂಡಿಗೆಯಲ್ಲಿ ಮುರಿದ ಕುಡಗೋಲಿನ ತುದಿಯನ್ನು ತೋರಿಸಿಕೊಟ್ಟದ್ದನ್ನು ಬಿಟ್ಟರೆ, ಏನನ್ನೂ ತೋರಿಸಲಿಲ್ಲ. ಮೇಲಿನ ಕಚೇರಿಯಿಂದ ಕಾಗದ ಬಂತು: “ಒಂಬತ್ತು ದಿನಗಳಲ್ಲಿ ಕುಡಗೋಲಿನ ಒಂದು ತುದಿ ಮಾತ್ರ ದೊರೆತಿರುವುದನ್ನು ಗಮನಿಸಲಾಗಿದೆ. ಹತ್ತಿಯಲ್ಲಿ ಕಬ್ಬಿಣವಿಲ್ಲದಿದ್ದಲ್ಲಿ ಕಬ್ಬಿಣ ತಪಾಸಣಾ ಕಚೇರಿಯು ಏಕಿರಬೇಕೆಂಬ ಬಗ್ಗೆ ವಿವರಣೆ ಸಲ್ಲಿಸತಕ್ಕದ್ದು.” ಆ ದಿನ ನಮ್ಮವರು ಎರಡೇ ರೊಟ್ಟಿ ತಿಂದು ಎದ್ದರು.

ಅದೇ ದಿನ ಸಂಜೆ ದಾಸ್ತಾನು ತಪಾಸಣೆಯ ಸಾಹೇಬರು ಬಂದರು. ಸರಕಾರದ ಯಾವುದೇ ವಸ್ತುವಿನ ಮೈಮೇಲೆ ಅದರ ಡೆಡ್‌ಸ್ಟಾಕ್ ರಜಿಸ್ಟರಿನ ನಂಬರು ಇರಬೇಕು, ಮತ್ತು ಕದ್ದೊಯ್ಯಲು ಬರುವಷ್ಟು ಸಣ್ಣ ವಸ್ತುವಾದರೆ ಅದನ್ನು ಅಲುಗದಂತೆ ಭದ್ರಪಡಿಸಿರಬೇಕು. ಕಚೇರಿಯಲ್ಲಿ ಕುರ್ಚಿಗೆ ನಂಬರಿತ್ತು, ಮಸಿ ಕುಡಿಕೆಗೆ ನಂಬರಿತ್ತು, ನೀರಿನ ಗಡಿಗೆಗೆ ಒಂದು ನಂಬರು, ಅದರ ಮುಚ್ಚಳಕ್ಕೆ ಬೇರೊಂದು ನಂಬರಿತ್ತು. ಸಾಹೇಬರು ಯಂತ್ರದೊಳಗೆ ಬಗ್ಗಿ ನೋಡಿದರು.

“ಗಾಜಿಗೆ ನಂಬರ ಎಲ್ಲೈತಿ?”

“ಪೆಟ್ಟಿಗಿ ಮ್ಯಾಲೆ ಐತ್ರಿ ಸಾಹೇಬ್ರ,” ಎಂದರು ನಮ್ಮವರು.

“ಅದು ಪೆಟ್ಟಿಗಿ ನಂಬರ. ಗಾಜಿಂದು ಎಲ್ಲಿ? ನಾಳೆ ಯಾರರೇ ಗಾಜು ಹಾರಿಸಿಕೊಂಡು ಹೋದ್ರ ಪೆಟ್ಟಿಗಿ ಬಂದು ಸಾಕ್ಷಿ ಹೇಳತೈತೇನು? ಮತ್ತ ಇದೇನಿದು ಮೇಣ? ರಜಿಸ್ಟರದಾಗ ಮೇಣ ಇಲ್ಲ.”

ರಜಿಸ್ಟರಿನಲ್ಲಿ ಇಲ್ಲದ ಮೇಣವನ್ನು ಗುಲಾಬಸಾಬ ಚಾಕುವಿನಿಂದ ಕೆರೆದು ತೆಗೆದ. ‘೧೭/೬೪’ ಎಂದು ಕೊರೆದ ಒಂದು ಫಲಕವನ್ನು ಗಾಜಿನ ಮೇಲಿಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕಿ ಮೇಜಿಗೆ ಬಿಗಿಯಬೇಕೆಂದು ಹೇಳಲಾಯಿತು. ಕಬ್ಬಿಣ ಬಂದರೆ ಮುಳ್ಳು ಸರಿಯುತ್ತದೆ ಎಂದು ಮಾಸ್ತರರು ಹೇಳಿದ್ದನ್ನು ಕಚೇರಿ ಮರೆತಿರಲಿಲ್ಲ. ಫಲಕವೂ ಸ್ಕ್ರೂಗಳೂ ಶುದ್ಧ ಹಿತ್ತಾಳೆಯವು. ಮಾತಿನ ಅರ್ಧವನ್ನಾದರೂ ಪಾಲಿಸಿದ ಕಚೇರಿಯನ್ನು ನಾನು ಬೇರೆ ಕಂಡಿಲ್ಲ.

“ಇನ್ನೊಂದ ಸುತ್ತು,” ಎಂದರು ದಾಸ್ತಾನು ಸಾಹೇಬರು.

“ಸಾಹೇಬ್ರ, ಗಾಜು ಕುಂಯ್ ಅನ್ನಾಕತ್ತೈತ್ರಿ,” ಎಂದ ಗುಲಾಬಸಾಬ.

“ಸರಕಾರದ ಕೆಲಸದಾಗ ಎಲ್ಲಾರೂ ಕುಂಯ್ ಅಂತೀವಿ. ಬಿಗಿ.”

ಗುಲಾಬಸಾಬ ಬಿಗಿದ. ಮುಳ್ಳು ಸೊನ್ನೆಯಿಂದ ಎದ್ದು, ಒಂದು, ಎರಡು, ಮೂರು ದಾಟಿ, ಐದು ಮೊಳೆಯ ಮೇಲೆ ಹೋಗಿ ನಿಂತಿತು. ಮುಂದೆ ಅಂಡಿಗೆಯೇ ಇರಲಿಲ್ಲ. ಗುರುಶಿದ್ದಪ್ಪನವರ ಮುಖ ಅರಳಿತು.

“ನೋಡ್ರಿ,” ಎಂದರು. “ನಂಬರ ಬಿದ್ದಕೂಡ್ಲೆ ಕೆಲಸಾ ಮಾಡಾಕ ಹತ್ತಿತು.”

ಮರುದಿನದಿಂದ ನಾನು ಮೊದಲಿಗೆ ಹೇಳಿದ ಸಂಗತಿ ಆರಂಭವಾಯಿತು. ಬಂದ ಬಂದ ಅಂಡಿಗೆಯಲ್ಲಿ ಐದು ಮೊಳೆ. ಬಿಸಿಲೇರಿದಂತೆ ಹಿತ್ತಾಳೆ ಕಾಯ್ದು ಹಿಗ್ಗಿ ಗಾಜನ್ನು ಇನ್ನಷ್ಟು ಬಾಗಿಸುತ್ತಿದ್ದುದರಿಂದ ಮಧ್ಯಾಹ್ನದ ಹತ್ತಿಯಲ್ಲಿ ಏಳು ಮೊಳೆ. ಮುಂಜಾನೆ ಬಂದವರು ಸ್ವಲ್ಪ ಪ್ರಾಮಾಣಿಕರು, ಮಧ್ಯಾಹ್ನ ಬಂದವರು ಲಫಂಗರು ಎಂದು ಕಚೇರಿ ತಿಳಿದುಕೊಂಡಿತು. ಇನ್ನು ಅನುಮಾನ ಬಂದ ಅಂಡಿಗೆಯನ್ನು ಗುರುಶಿದ್ದಪ್ಪನವರು ತಾವೇ ಮೇಜಿಗೆ ಎರಡೂ ಮೊಳಕೈ ಊರಿ, ಮುಳ್ಳಿನ ಹತ್ತಿರ ಮುಖವಿಟ್ಟು ನೋಡುತ್ತಿದ್ದರು. ಅವರು ನೋಡಿದಾಗಲೆಲ್ಲ ಒಂದೂವರೆ ಮೊಳೆ ಹೆಚ್ಚಿಗೆ ಸಿಗುತ್ತಿತ್ತು. ದಕ್ಷ ಅಧಿಕಾರಿಯ ಕಣ್ಣಿಗೆ ಬಿದ್ದದ್ದು ಬೇರೆಯವರ ಕಣ್ಣಿಗೆ ಬೀಳುವುದಿಲ್ಲ ಎಂದು ಮೇಲಿನ ಕಚೇರಿ ಪ್ರಶಂಸೆಯ ಕಾಗದ ಬರೆಯಿತು. ನಮ್ಮವರು ಮತ್ತೆ ನಾಲ್ಕು ರೊಟ್ಟಿ ತಿನ್ನತೊಡಗಿದರು.

ಕಚೇರಿಯ ಬಾಗಿಲಿಗೆ ಹೀಗೊಂದು ಪ್ರಕಟಣೆ ಅಂಟಿಸಲಾಯಿತು:

“ಹತ್ತಿಯಲ್ಲಿ ಕಬ್ಬಿಣವಿರುವುದು ಅಪರಾಧ. ಇದ್ದ ಕಬ್ಬಿಣವನ್ನು ಯಂತ್ರವು ತೋರಿಸಿದಷ್ಟೇ ಪ್ರಮಾಣದಲ್ಲಿ ಕಚೇರಿಗೆ ಒಪ್ಪಿಸುವುದು ಕಡ್ಡಾಯ. ಒಪ್ಪಿಸುವವರು ‘ಈ ಕಬ್ಬಿಣ ನನ್ನದೇ, ನನ್ನ ಹತ್ತಿಯಲ್ಲಿ ನನ್ನ ಅರಿವಿನಿಂದಲೇ ಇತ್ತು’ ಎಂಬ ಬರಹದ ಕೆಳಗೆ ಹೆಬ್ಬಟ್ಟು ಒತ್ತಿ ಚೀಟಿ ಪಡೆಯಬೇಕು. ಕಬ್ಬಿಣ ಒಪ್ಪಿಸದವರ ಹತ್ತಿಯಲ್ಲಿ ಕಬ್ಬಿಣ ಇನ್ನೂ ಇದೆ ಎಂದು ಭಾವಿಸಲಾಗುವುದು.”

ಮೊದಲ ದಿನ ರೈತರು ಅಂಡಿಗೆ ಬಿಚ್ಚಿ, ಹತ್ತಿ ಹರವಿ, ಸಂಜೆಯತನಕ ಹುಡುಕಿದರು. ಎರಡನೆಯ ದಿನ ಗಿರಿಯಪ್ಪ ಎಂಬ ಮುದುಕ ತನ್ನ ಬಂಡಿಯ ಹಲಗೆಯಿಂದ ಐದು ಮೊಳೆ ಕಿತ್ತು ತಂದು ಮೇಜಿನ ಮೇಲಿಟ್ಟ. ಹೆಬ್ಬಟ್ಟು ಒತ್ತಿದ. ಚೀಟಿ ಸಿಕ್ಕಿತು. ಮೂರನೆಯ ದಿನ ಕಬ್ಬಿಣದ ಅಂಗಡಿಯ ಕುಬೇರಪ್ಪನವರು ಕಚೇರಿಯ ಎದುರಿಗೆ ಒಂದು ಚಪ್ಪರ ಹಾಕಿ ಮೊಳೆ ಮಾರತೊಡಗಿದರು. ಅವರು ಆ ಕಚೇರಿಯ ಸಲಹಾ ಸಮಿತಿಯ ಸದಸ್ಯರೂ ಆಗಿದ್ದರು, ಆದ್ದರಿಂದ ಯಾವ ಅಳತೆಯ ಮೊಳೆ ಬೇಕೆಂದು ಅವರಿಗೆ ಬೇರೆಯವರು ಹೇಳುವ ಅವಶ್ಯಕತೆ ಇರಲಿಲ್ಲ. ಒಪ್ಪಿಸಿದ ಮೊಳೆಗಳನ್ನು ಕಚೇರಿ ಎರಡು ದಿನಕ್ಕೊಮ್ಮೆ ಹರಾಜು ಹಾಕುತ್ತಿತ್ತು. ಕೂಗುವವರು ಗುರುಶಿದ್ದಪ್ಪನವರು, ಹಿಡಿಯುವವರು ಕುಬೇರಪ್ಪನವರು. ಗುಲಾಬಸಾಬ ತಮಾಷೆಗೆ ಒಂದು ಮೊಳೆಯ ತಲೆಗೆ ಹಸಿರು ಬಣ್ಣ ಹಚ್ಚಿ ಬಿಟ್ಟ. ಆ ಮೊಳೆ ಆ ತಿಂಗಳಲ್ಲಿ ಏಳು ಜನ ರೈತರ ಹತ್ತಿಯಲ್ಲಿ ದೊರೆಯಿತು.

ಹನ್ನೆರಡನೆಯ ತಾರೀಖಿಗೆ ಶಿರಗುಪ್ಪಿಯ ಶೇವಂತೆವ್ವ ಬಂದಳು. ಗಂಡ ಹನುಮಪ್ಪ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಇವಳೇ ಬಂಡಿ ಹೊಡೆದುಕೊಂಡು, ಮೂರು ಅಂಡಿಗೆ ಹತ್ತಿ ಹೇರಿಕೊಂಡು, ಏಳು ತಿಂಗಳ ಮಗಳು ಮುತ್ತವ್ವನನ್ನು ಬಂಡಿಯ ಕೆಳಗೆ ಸೀರೆಯ ಜೋಲಿ ಕಟ್ಟಿ ಮಲಗಿಸಿಕೊಂಡು ಬಂದಿದ್ದಳು. ಕೂಸಿನ ಎಡಗೈಯಲ್ಲಿ ದೃಷ್ಟಿಗೆ ಹಾಕಿದ ಒಂದು ಕಬ್ಬಿಣದ ಬಳೆ. ಹತ್ತಿ ಹಾಲಿನಂತಿತ್ತು. ಬೇಸಿಗೆಯ ಅಡ್ಡಮಳೆ ಬರುವುದರೊಳಗೆ ಅದು ಜಿನ್ನಿನ ಸೂರಿನ ಕೆಳಗೆ ಹೋಗಬೇಕು. ಒಂದು ಸಲ ನೆನೆಯಿತೆಂದರೆ ಹತ್ತಿ ಕಂದುಗಟ್ಟುತ್ತದೆ. ಆಮೇಲೆ ಅದನ್ನು ಗಾದಿಗೆ ತುಂಬಲೂ ಯಾರೂ ಕೇಳುವುದಿಲ್ಲ. ಒಂದು ವರ್ಷದ ದುಡಿಮೆಯೆಲ್ಲ ಆ ಮೂರು ಚೀಲದಲ್ಲಿತ್ತು.

ಮುಳ್ಳು ಐದು ಮೊಳೆ ತೋರಿಸಿತು.

“ಐದೈದು ಮೊಳಿ. ಮೂರು ಅಂಡಿಗಿಗೆ ಹದಿನೈದು. ತಂದು ಒಪ್ಪಸವಾ,” ಎಂದರು ಗುರುಶಿದ್ದಪ್ಪನವರು.

“ನನ್ನ ಹತ್ತ್ಯಾಗ ಮೊಳಿ ಎಲ್ಲಿಂದ ಬರಬೇಕ್ರಿ ಯಪ್ಪಾ? ಒಂದೊಂದು ಕಾಯಿ ಕೈಯಿಂದ ಬಿಡಿಸೇನಿ. ಒಣ ಎಲಿ ಸೈತ ಬಿಟ್ಟಿಲ್ಲ.”

“ನೀ ಬಿಟ್ಟಿಲ್ಲ ಖರೇ. ಯಂತ್ರ ಬಿಡವಲ್ದು.”

“ಹಂಗಾರ ನಿಮ್ಮ ಯಂತ್ರದ ಕೈಲೇನ ತಗಸ್ರಿ. ಅದಕ್ಕ ಕಾಣಸ್ತೈತಲ್ಲ.”

“ಕಾಣೂದು ಯಂತ್ರದ ಕೆಲಸ. ತಗಿಯೂದು ಮಾಲಕರ ಕೆಲಸ,” ಎಂದು ಗುರುಶಿದ್ದಪ್ಪನವರು ನಿಯಮ ತಿಳಿಸಿದರು.

ಹೊರಗೆ ಕುಬೇರಪ್ಪನವರು ಅವಳನ್ನು ಕರೆದು ಸಮಾಧಾನ ಹೇಳಿದರು. “ಇಷ್ಟಕ್ಕ ಯಾಕ ತಲಿ ಕೆಡಿಸಿಕೋತಿ, ತಂಗಿ? ಇಲ್ಲಿ ಹದಿನೈದು ತಗೋ, ಅಲ್ಲಿ ಇಡು, ಹೆಬ್ಬಟ್ಟು ಒತ್ತು, ಮನೀಗೆ ನಡಿ. ಎಲ್ಲಾರೂ ಹಂಗ ಮಾಡಾಕತ್ತಾರ.”

“ಎಲ್ಲಾರ ಹತ್ತ್ಯಾಗ ಇದ್ದೀತು ಕಾಕಾ. ನನ್ನ ಹತ್ತ್ಯಾಗ ಇಲ್ಲ. ಇಲ್ಲದ್ದನ್ನ ನಂದು ಅಂತ ಹೆಂಗ ಒತ್ತಲಿ? ನಾಳೆ ಎಲ್ಲೋ ಒಂದು ಜಿನ್ನು ಸುಟ್ಟರ, ಕಬ್ಬಿಣ ಬೆರಸಾಕಿ ಇಕೀನ ಅಂತ ನನ್ನ ಬಟ್ಟು ಹಿಡಕೊಂಡು ಬರೂದಿಲ್ಲೇನು?”

ಓದು ಬಾರದ ಹೆಂಗಸು ಪ್ರಕಟಣೆಯನ್ನು ಇಷ್ಟು ಸರಿಯಾಗಿ ಓದಿಕೊಂಡದ್ದು ಕುಬೇರಪ್ಪನವರಿಗೆ ಹಿಡಿಸಲಿಲ್ಲ. ಅವಳ ಅಂಡಿಗೆಗಳನ್ನು ‘ಕಬ್ಬಿಣ ಬಾಕಿ’ ಎಂದು ಬರೆದ ಮೂಲೆಗೆ ಸರಿಸಲಾಯಿತು. ಆ ಮೂಲೆಯ ಮೇಲೆ ಸೂರಿರಲಿಲ್ಲ.

ಅವಳು ಅಲ್ಲಿಯೇ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು. ಏಳನೆಯ ದಿನ ನಮ್ಮವರಿಗೆ ಬುತ್ತಿ ಒಯ್ದಾಗ ನಾನು ಅವಳನ್ನು ಕಂಡೆ. ನನ್ನ ಬಗಲಲ್ಲೊಂದು ಕೂಸು, ಅವಳ ಬಗಲಲ್ಲೊಂದು ಕೂಸು; ಹೊಸದಾಗಿ ಪರಿಚಯ ಮಾಡಿಕೊಳ್ಳುವುದೇನೂ ಇರಲಿಲ್ಲ. ಅವಳ ಕೂಸು ಒಂದೇ ಸಮನೆ ಅಳುತ್ತಿತ್ತು.

“ಹೊಟ್ಟಿ ನೋವೇನವಾ?” ಎಂದೆ.

“ಅಲ್ರಿ ಅಕ್ಕಾರ. ಬಳಿ ಬಿಗಿ ಆಗೇತ್ರಿ. ಕೈ ತುಂಬಿಕೊಂಡಾವ, ಬಳಿ ಬೆಳೀಬೇಕಲ್ಲ.” ಅವಳು ಬಳೆಯ ಎರಡು ತುದಿ ಹಿಡಿದು ಸ್ವಲ್ಪ ಅಗಲಿಸಿದಳು. ಕೂಸು ಸುಮ್ಮನಾಯಿತು. ಅವಳು ಕಿಟಕಿಯೊಳಗೆ ನೋಡಿದಳು. ಹಿತ್ತಾಳೆಯ ಫಲಕ, ನಾಲ್ಕು ಸ್ಕ್ರೂ, ಅಡಿಯಲ್ಲಿ ಸಿಕ್ಕಿಕೊಂಡ ಗಾಜು.

“ಅಕ್ಕಾರ, ಅಂಡಿಗಿ ಇದ್ರೂ ಐದು, ಇಲ್ಲದಾಗೂ ಐದು. ಏಳು ದಿನದಿಂದ ನೋಡಾಕತ್ತೇನಿ. ಅದಕ್ಕ ಕಬ್ಬಿಣ ಕಂಡಿಲ್ರಿ. ಅದಕ್ಕೂ ಬಿಗಿ ಆಗೇತಿ. ಒದರಾಕತ್ತೈತಿ.”

ಈ ಮಾತನ್ನು ನಮ್ಮವರಿಗೆ ಹೇಳಿದೆ. ಅವರು ರೊಟ್ಟಿಯ ಕಡೆ ನೋಡುತ್ತ, “ಅದು ಕಚೇರಿ ವಿಷಯ. ಹೆಣ್ಮಕ್ಕಳಿಗೆ ತಿಳಿಯೂದಿಲ್ಲ” ಎಂದರು. ನಾನು ಹತ್ತನೆಯ ಇಯತ್ತೆಯ ತನಕ ಸಾಲಿ ಕಲಿತವಳು, ಒಂದು ಕಾರ್ಡು ಬರೆಯಲು ಅಷ್ಟು ಸಾಕು. ಕೆಲಗೇರಿಯ ವಿಳಾಸಕ್ಕೆ ಬರೆದೆ: ‘ಮಾಸ್ತರ, ನಿಮ್ಮ ಬಾಣಂತಿಗೆ ನಾಲ್ಕು ಸ್ಕ್ರೂ ಹೊಡೆದಿದ್ದಾರೆ. ಲಗೂ ಬರ್ರಿ.’

ಶೇವಂತೆವ್ವ ಬಂದ ಹನ್ನೊಂದನೆಯ ದಿನ ಶಾಂತಯ್ಯ ಮಾಸ್ತರರು ಬಂದರು. ಯಂತ್ರದ ಮುಚ್ಚಳ ತೆಗೆದವರೇ ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತರು.

“ಸಾಹೇಬ್ರ, ಇದೇನ್ ಮಾಡೀರಿ?”

“ಹಿತ್ತಾಳಿ ಹಾಕೇವಿ, ಮಾಸ್ತರ. ಕಬ್ಬಿಣ ಅಲ್ಲ.”

“ಹಿತ್ತಾಳಿ ಇರ್ಲಿ, ಬಂಗಾರ ಇರ್ಲಿ, ಬಿಗಿದದ್ದು ಬಿಗಿದದ್ದ. ಗಾಜು ಬಾಗೇತಿ, ಅದರ ಕೂಡ ಪೊರಿ ಹಿಗ್ಗೇತಿ. ಹಿಗ್ಗಿದ ಪೊರಿ ಕಬ್ಬಿಣ ಇಲ್ಲದನ ಕಬ್ಬಿಣ ಅಂತೈತಿ. ಗುಲಾಬಸಾಬ, ಸ್ಕ್ರೂ ಸಡ್ಲ ಮಾಡು.”

ಗುಲಾಬಸಾಬ ಅಧಿಕಾರಿಗಳ ಮುಖ ನೋಡಿದ. ಫಲಕ ತೆಗೆದರೆ ಸರಕಾರದ ಸ್ವತ್ತು ಅಭದ್ರವಾಗುತ್ತದೆ. ಫಲಕವಿದ್ದೂ ಸ್ಕ್ರೂ ಸಡಿಲವಾದರೆ ಅದರ ಬಗ್ಗೆ ನಿಯಮ ಮೌನವಾಗಿದೆ. ತುಸು ಹೊತ್ತು ವಿಚಾರ ಮಾಡಿ ಗುರುಶಿದ್ದಪ್ಪನವರು ಎರಡೆರಡು ಸುತ್ತು ಸಡಿಲಿಸಲು ತಾತ್ಕಾಲಿಕ ಅಪ್ಪಣೆ ಕೊಟ್ಟರು. ಮುಳ್ಳು ಐದರಿಂದ ಇಳಿದಿಳಿದು ಸೊನ್ನೆಯ ಮೇಲೆ ಬಂದು ಕೂತಿತು.

ಶೇವಂತೆವ್ವನ ಮೂರು ಅಂಡಿಗೆಗಳನ್ನು ಬಾಕಿನ ಮೇಲೆ ಎಳೆದರು. ಸೊನ್ನೆ. ಸೊನ್ನೆ. ಸೊನ್ನೆ. ಅವಳು ಸಮಾಧಾನದಿಂದ ಕೂಸನ್ನು ಎತ್ತಿಕೊಂಡು ಮುಂದೆ ಬಂದಳು. ಮುಳ್ಳು ಸರಿಯಾಗಿ ಎರಡು ಮೊಳೆ ಏರಿತು. ಕೂಸು ಹಿಂದೆ ಸರಿದರೆ ಸೊನ್ನೆ, ಮುಂದೆ ಬಂದರೆ ಎರಡು.

“ನೋಡ್ರಿ! ಕೂಸಿನ ಕೈಯಾಗಿನ ಬಳಿ ಕಂಡಿತದಕ್ಕ. ಈಗ ಖರೇ ಮಾತಾಡಾಕತ್ತೈತಿ,” ಎಂದು ಮಾಸ್ತರರು ಚಪ್ಪಾಳೆ ತಟ್ಟಿದರು.

ಬೇರೆ ಯಾರೂ ತಟ್ಟಲಿಲ್ಲ. ಗುರುಶಿದ್ದಪ್ಪನವರು ಬೆವರು ಒರೆಸಿಕೊಂಡರು.

“ಮಾಸ್ತರ, ಇವತ್ತಿಂದು ಖರೇ ಅಂದ್ರ ನಿನ್ನೀ ತನಕ ತೋರ್ಸಿದ್ದು ಸುಳ್ಳ ಆತಲ್ಲ. ನಾಕನೂರಾ ಹನ್ನೆರಡು ಮಂದಿ ಕಬ್ಬಿಣ ನಂದ ಅಂತ ಹೆಬ್ಬಟ್ಟು ಒತ್ತ್ಯಾರ. ಕಬ್ಬಿಣಾನೂ ತಂದು ಕೊಟ್ಟಾರ. ಅಷ್ಟೂ ಮಂದಿ ಸುಳ್ಳರೇನು?”

“ಅವರು ಸುಳ್ಳರಲ್ರಿ, ಸ್ಕ್ರೂ ಸುಳ್ಳು.”

“ಸ್ಕ್ರೂ ಸರಕಾರದ್ದು,” ಎಂದರು ಗುರುಶಿದ್ದಪ್ಪನವರು.

ಮಾಸ್ತರರಿಂದ ಬರಹದಲ್ಲಿ ವರದಿ ಕೇಳಲಾಯಿತು. ಅವರು ಅಲ್ಲಿಯೇ ಕೂತು, ಬಿಗಿ ಬದಲಾದರೆ ಮುಳ್ಳಿನ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಎರಡು ಪುಟದಲ್ಲಿ ವಿವರವಾಗಿ ಬರೆದುಕೊಟ್ಟರು. ಕೂಡಲೇ ಸಲಹಾ ಸಮಿತಿಯ ಸಭೆ ಸೇರಿತು. ಸಮಿತಿ ಎಂದರೆ ಗುರುಶಿದ್ದಪ್ಪನವರು ಮತ್ತು ಕುಬೇರಪ್ಪನವರು. ನಮ್ಮವರು ಠರಾವು ಬರೆದುಕೊಂಡರು. ಅದು ಹೀಗಿತ್ತು:

“ತಜ್ಞರ ವರದಿಯನ್ನು ಸಮಿತಿಯು ಪೂರ್ಣವಾಗಿ ಒಪ್ಪುತ್ತದೆ. ಬಿಗಿ ಬದಲಾದರೆ ಅಂಕಿ ಬದಲಾಗುವುದೆಂದು ತಜ್ಞರೇ ಹೇಳಿರುವುದರಿಂದ, ಇನ್ನು ಮುಂದೆ ಬಿಗಿಯನ್ನು ಬದಲಿಸತಕ್ಕದ್ದಲ್ಲ. ದಿನಾಂಕ ಹತ್ತರಂದು ಇದ್ದ ಬಿಗಿಯನ್ನು ‘ಸರಕಾರಿ ಬಿಗಿ’ ಎಂದು ಕರೆಯತಕ್ಕದ್ದು. ಅದನ್ನು ದಿನಾಲು ಕಾಯ್ದುಕೊಂಡು ಹೋಗಲು ಪಟ್ಟೇವಾಲ ಗುಲಾಬಸಾಬ ಇವರನ್ನು ‘ಬಿಗಿ ಮೇಲ್ವಿಚಾರಕ’ರೆಂದು ನೇಮಿಸಿದೆ. ತಜ್ಞರಿಗೆ ವಂದನೆಗಳು.”

ಮಾಸ್ತರರು ಠರಾವನ್ನು ಎರಡು ಸಲ ಓದಿದರು. ಅದರಲ್ಲಿ ತಾವು ಹೇಳದ ಮಾತು ಒಂದೂ ಇರಲಿಲ್ಲ. ವಂದನೆ ಸ್ವೀಕರಿಸಿ ಧಾರವಾಡದ ಬಸ್ಸು ಹಿಡಿದರು.

ಗುಲಾಬಸಾಬ ಸ್ಕ್ರೂಗಳನ್ನು ಮತ್ತೆ ಬಿಗಿದ. ಗಾಜು ಕುಂಯ್ ಎಂದಿತು. “ತಡಕೋವಾ,” ಎಂದ ಮೆಲ್ಲಗೆ. “ನಾನೂ ತಡಕೊಂಡೇನಿ.”

“ಮತ್ತ ನನ್ನ ಚೀಟಿರಿ?” ಎಂದಳು ಶೇವಂತೆವ್ವ. “ನನ್ನ ಹತ್ತ್ಯಾಗ ಏನಿಲ್ಲ ಅಂತ ಎಲ್ಲಾರೂ ಕಣ್ಣಲೆ ನೋಡೀರಿ.”

“ನೋಡೇವಿ,” ಎಂದರು ಗುರುಶಿದ್ದಪ್ಪನವರು. ಆ ದನಿಯಲ್ಲಿ ಕನಿಕರವೂ ಇತ್ತು ಎಂದು ನಮ್ಮವರು ಹೇಳುತ್ತಾರೆ. “ಖರೇ ಅಂದ್ರ ಯವ್ವಾ, ಅದರಾಗ ಬಂದದ್ದು ತೊಡಕು. ಚೀಟಿ ಮ್ಯಾಲೆ ‘ಒಪ್ಪಿಸಿದ ಕಬ್ಬಿಣ’ ಅಂತ ಕಾಲಂ ಐತಿ. ಅದನ್ನ ಖಾಲಿ ಬಿಡಾಕ ಬರೂದಿಲ್ಲ. ಸೊನ್ನಿ ಬರದ್ರ ಮ್ಯಾಲಿನ ಕಚೇರಿ ಕೇಳತೈತಿ. ಒಂದರೇ ಕಬ್ಬಿಣ ಕೊಡು. ಹದಿನೈದು ಬ್ಯಾಡ. ಒಂದು.”

ಅಷ್ಟರಲ್ಲಿ ಗುಡುಗಿತು. ನವಲೂರಿನ ಕಡೆಯಿಂದ ಎದ್ದ ಮೋಡ ಊರಿನ ಅರ್ಧ ಆಕಾಶ ತುಂಬಿಕೊಂಡಿತ್ತು. ಧೂಳೆದ್ದು ಚಪ್ಪರದ ತಟ್ಟುಗಳು ಹಾರಾಡಿದವು. ಸೂರಿಲ್ಲದ ಮೂಲೆಯಲ್ಲಿ ಮೂರು ಅಂಡಿಗೆ. ಕುಬೇರಪ್ಪನವರು ಒಂದು ಮೊಳೆ ಹಿಡಿದು ಚಪ್ಪರದಿಂದಲೇ ಕೈ ಚಾಚಿದರು. “ಪುಕ್ಕಟೆ ತಗೋ, ತಂಗಿ. ಮಳಿ ಬಂತು.”

ಶೇವಂತೆವ್ವ ಆ ಕೈಯನ್ನು ನೋಡಲೇ ಇಲ್ಲ. ಮೋಡ ನೋಡಿದಳು, ಹತ್ತಿ ನೋಡಿದಳು, ಕೂಸಿನ ಕೈ ನೋಡಿದಳು. ಆಮೇಲೆ ಆ ಬಳೆಯ ತುದಿಗಳನ್ನು ಅಗಲಿಸಿ, ಕೂಸಿನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು.

“ತಗೋರಿ. ಇದು ಮೊಳಿ ಅಲ್ಲ, ಆದ್ರ ಕಬ್ಬಿಣ ಹೌದು. ನಂದ ಹೌದು. ನನ್ನ ಅರಿವಿಲೇನ ಇತ್ತು. ನಿಮ್ಮ ಯಂತ್ರಾನೂ ಕಂಡೈತಿ. ಇದಕ್ಕ ಬೇಕಾರ ಬಟ್ಟು ಒತ್ತತೇನಿ.”

ಗುರುಶಿದ್ದಪ್ಪನವರು ಬಳೆಯನ್ನು ತಿರುಗಿಸಿ ನೋಡಿದರು. ನಿಯಮದಲ್ಲಿ ಕಬ್ಬಿಣವೆಂದಿತ್ತು, ಮೊಳೆಯೆಂದಿರಲಿಲ್ಲ. ಅವರೂ ಮಕ್ಕಳೊಂದಿಗರು. “ಬರೀರಿ,” ಎಂದರು ನಮ್ಮವರಿಗೆ. “ಶಿರಗುಪ್ಪಿ ಶೇವಂತೆವ್ವ. ಒಪ್ಪಿಸಿದ ಕಬ್ಬಿಣ: ಬಳಿ, ಸಣ್ಣದು, ಒಂದು.”

ಅವಳು ಮೇಜಿನ ಮೇಲಿನ ಕಾಗದಕ್ಕೆ ಹೆಬ್ಬಟ್ಟು ಒತ್ತಿದಳು. ಎಷ್ಟು ಸಿಟ್ಟಿನಿಂದ ಒತ್ತಿದಳೆಂದರೆ ಪಕ್ಕದಲ್ಲಿದ್ದ ಮುಳ್ಳು ಐದರಿಂದ ಎಂಟಕ್ಕೆ ಹಾರಿತು.

ಗುಲಾಬಸಾಬನೂ ಸೇರಿ ನಾಲ್ಕು ಜನ ಅಂಡಿಗೆಗಳಿಗೆ ಹೆಗಲು ಕೊಟ್ಟರು. ಮೂರನೆಯದು ಜಿನ್ನಿನ ಬಾಗಿಲು ದಾಟುವಾಗ ಮೊದಲ ಹನಿಗಳು ಬಿದ್ದವು. ಆ ರಭಸದ ಮಳೆಯಲ್ಲಿ ಕಚೇರಿಯ ಪ್ರಕಟಣೆ ಕಿತ್ತುಹೋಯಿತು. ಮರುದಿನ ಹೊಸದು ಅಂಟಿಸಿದರು.

ಬಳೆ ಕಚೇರಿಗೆ ಸ್ವಲ್ಪ ಕಷ್ಟ ಕೊಟ್ಟಿತು. ಮೊಳೆಗಳ ಹರಾಜಿನಲ್ಲಿ ಬಳೆಯನ್ನು ಕೂಗಲು ಅವಕಾಶವಿರಲಿಲ್ಲ. ಹಾಗೆಯೇ ಇಟ್ಟುಕೊಳ್ಳಬೇಕೆಂದರೆ ಅದು ದಾಸ್ತಾನು ಆಗುತ್ತದೆ. ಕೊನೆಗೆ ‘೧೮/೬೪’ ಎಂಬ ನಂಬರು ಕೊಟ್ಟು, ‘ಹತ್ತಿಯಲ್ಲಿ ದೊರೆತ ಕಬ್ಬಿಣ, ಮಾದರಿಗಾಗಿ’ ಎಂದು ಬರೆದ ಹಲಗೆಯ ಮೇಲೆ ನಾಲ್ಕು ಹಿತ್ತಾಳೆಯ ಸ್ಕ್ರೂ ಹಾಕಿ ಗೋಡೆಗೆ ಭದ್ರಪಡಿಸಿದರು.

ಮೇ ತಿಂಗಳಲ್ಲಿ ಒಂದು ಜಿನ್ನಿಗೆ ಬೆಂಕಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಜಿನ್ನು ಮಾತ್ರ ಹೋಯಿತು. ಬೂದಿ ಕೆದಕಿದಾಗ ಹಲ್ಲಿನಲ್ಲಿ ಸಿಕ್ಕಿಕೊಂಡ ಒಂದು ಮೊಳೆ ದೊರೆಯಿತು; ತಲೆಯ ಕೆಳಗೆ ಇನ್ನೂ ಒಂಚೂರು ಹಸಿರು ಬಣ್ಣವಿತ್ತು. ಕಚೇರಿಗೆ ಬಂದು ಮೊಳೆ ಕೊಳ್ಳುವ ಸರದಿ ದೊಡ್ಡದೆಂದು, ಜಾಣ ರೈತನೊಬ್ಬ ಚಪ್ಪರದಲ್ಲಿ ಮೊದಲೇ ಕೊಂಡಿಟ್ಟ ಐದು ಮೊಳೆಗಳನ್ನು ಮನೆಯಲ್ಲಿಯೇ ಅಂಡಿಗೆಗೆ ಹಾಕಿಕೊಂಡು ಬಂದಿದ್ದ. ತೆಗೆಯುವಾಗ ನಾಲ್ಕೇ ಸಿಕ್ಕಿದ್ದವು. ಐದನೆಯದನ್ನು ಚಪ್ಪರದಲ್ಲಿ ಕೊಂಡು ಲೆಕ್ಕ ಸರಿಮಾಡಿ ಚೀಟಿ ಪಡೆದಿದ್ದ. ವಿಚಾರಣೆ ನಡೆಯಿತು. ಹತ್ತಿಯಲ್ಲಿ ಕಬ್ಬಿಣವಿರುವುದು ಇದರಿಂದ ನಿಸ್ಸಂಶಯವಾಗಿ ಸಿದ್ಧವಾಯಿತೆಂದೂ, ಕಚೇರಿಯ ಅಗತ್ಯದ ಬಗ್ಗೆ ಹಿಂದೆ ಕೇಳಿದ್ದ ವಿವರಣೆಯನ್ನು ಕೈಬಿಡಲಾಗಿದೆಯೆಂದೂ, ಎರಡನೆಯ ಯಂತ್ರ ಮಂಜೂರಾಗಿದೆಯೆಂದೂ ಕಾಗದ ಬಂತು. ಅದರ ಜೊತೆಗೆ ಎಂಟು ಸ್ಕ್ರೂ ಮಂಜೂರಾಗಿದ್ದವು. ನಮ್ಮವರು ಹೆಡ್ ಕಾರಕೂನರಾದರು. ನಾನು ಈಗ ಐದು ರೊಟ್ಟಿ ಬಡಿಯುತ್ತೇನೆ.

ಮರುವರ್ಷ ಅದೇ ಹಂಗಾಮಿನಲ್ಲಿ ಬುತ್ತಿ ಒಯ್ದಾಗ ಶೇವಂತೆವ್ವ ಸರದಿಯಲ್ಲಿ ನಿಂತಿದ್ದಳು. ಮುತ್ತವ್ವ ತಾಯಿಯ ಸೆರಗು ಹಿಡಿದು ನಡೆಯುತ್ತಿದ್ದಳು. ಮೂರು ಅಂಡಿಗೆಗೂ ಮುಳ್ಳು ಐದೈದು ತೋರಿಸಿತು. ಶೇವಂತೆವ್ವ ಸೆರಗಿನ ಗಂಟು ಬಿಚ್ಚಿ ಹದಿನೈದು ಮೊಳೆ ಎಣಿಸಿಟ್ಟಳು, ಹೆಬ್ಬಟ್ಟು ಒತ್ತಿದಳು. ಆಮೇಲೆ ಗೋಡೆ ತೋರಿಸಿ ಕೇಳಿದಳು: “ಮೊಳಿ ಕೊಟ್ಟೇನಲ್ರಿ. ಕೂಸಿನ ಬಳಿ ತಿರುಗಿ ಕೊಡ್ರಿ.”

“ಅದು ಡೆಡ್‌ಸ್ಟಾಕ್ ಆಗೇತ್ರಿ ಅಕ್ಕಾ,” ಎಂದ ಬಿಗಿ ಮೇಲ್ವಿಚಾರಕ ಗುಲಾಬಸಾಬ. “ಮತ್ತ ಅದರ ಸ್ಕ್ರೂ ತಗೀಬೇಕಂದ್ರ ಠರಾವು ಬೇಕು. ಹೆಂಗೂ ಕೂಸಿಗೆ ಈಗ ಹಿಡಿಯೂದಿಲ್ಲಲ್ಲ.”

ಅವಳು ಮಗಳ ಮುಂಗೈ ಹಿಡಿದು ನೋಡಿದಳು. ಹಿಡಿಯುವಂತಿರಲಿಲ್ಲ. ಸರಿ ಎಂದು ಚೀಟಿ ಮಡಿಚಿ ಸೊಂಟಕ್ಕೆ ಸಿಗಿಸಿಕೊಂಡಳು.

ಅವಳ ಹಿಂದೆ ನಿಂತಿದ್ದ ಹೆಣ್ಣುಮಗಳು ಆ ವರ್ಷವೇ ಮೊದಲ ಸಲ ಹತ್ತಿ ತಂದವಳು, ಇನ್ನೂ ಅರಿಸಿನ ಮಾಸದ ಮದುಮಗಳು. ಬಾಗಿಲಿಗೆ ಒರಗಿ ಅಳುತ್ತಿದ್ದಳು. “ನಮ್ಮ ಹತ್ತ್ಯಾಗ ಒಂದ ಸೂಜಿ ಸೈತ ಇಲ್ರಿ ಅಕ್ಕಾರ. ದೇವರಾಣಿ ಇಲ್ರಿ.”

ಶೇವಂತೆವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು.

“ಮೊದಲ್ನೇ ವರ್ಷ ಯಾರ ಹತ್ತ್ಯಾಗೂ ಇರೂದಿಲ್ಲ, ತಂಗಿ,” ಎಂದಳು. “ಆಮ್ಯಾಲೆ ಬರತೈತಿ.”